ನಮ್ಮ ಜಮೀನು ಇರುವ ಊರಲ್ಲಿ ಯಾರೂ ಇಲ್ಲ

ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಬೇಕಿತ್ತು, ಅಂದರೆ ಅವರ ಹೆಸರಲ್ಲಿದ್ದ ಜಮೀನನ್ನು ನಮ್ಮ ಹೆಸರಿಗೆ. ನಾಳೆ ನಾಡಿದ್ದು ಅಂತ ಮೂರು ತಿಂಗಳು ತಳ್ಳಿ, ಕೊನೆಗೆ ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ನಮ್ಮದು ತುಮಕೂರು ಜಿಲ್ಲೆಯ ಮಧುಗಿರಿ ಕಡೆ. ಹೋಬಳಿ ಊರು ನಮ್ಮೂರಿಂದ ಆರು ಕಿಲೋಮೀಟರ್. ನಾಡಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಊರಿನ ಹೆಸರು ಕೇಳಿದ, ಹೇಳಿದೆ. ಸರ್ವೆ ನಂಬರ್ ಕೇಳಿದ, ಅಪ್ಪನ ಹಳೇ ಡೈರಿ ನೋಡಿ ಹೇಳಿದೆ. ಅವನು ಪರದೆಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, "ಈ ನಂಬರಲ್ಲಿ ನಿಮ್ಮ ತಂದೆ ಹೆಸರೇ ಇಲ್ಲ ಸಾರ್. ಬೇರೆ ಮೂರು ಜನ ಇದಾರೆ" ಅಂದ.

ನನಗೆ ಕೈಕಾಲು ತಣ್ಣಗಾಯಿತು. ಅಪ್ಪ ನಮಗೆ ಹೇಳದೆ ಯಾರಿಗಾದರೂ ಮಾರಿಬಿಟ್ಟಿದ್ದರಾ, ದಾಯಾದಿಗಳು ಏನಾದರೂ ಮಾಡಿದರಾ, ಅರ್ಧ ನಿಮಿಷದಲ್ಲಿ ಏನೇನೋ ತಲೆಯಲ್ಲಿ ಓಡಿತು. ದೊಡ್ಡಪ್ಪ ಹಿಂದೆ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ತಲೆ ಎತ್ತದೆ ಹೇಳಿದರು: "ಊರಿನ ಹೆಸ್ರು ತಪ್ಪು ಹೇಳ್ತಿದ್ಯ ಕಣೋ. ಕೆಳಗ್ಲ ಹೊಲ ನಮ್ಮೂರುದ್ದಲ್ಲ. ಅದು ಬೇಚರಾಕು."

ಆಮೇಲೆ ಅವರು ಒಂದು ಹೆಸರು ಹೇಳಿದರು. ಹುಡುಗ ಅದನ್ನು ಹಾಕಿದ ತಕ್ಷಣ ಅಪ್ಪನ ಹೆಸರು, ಅಜ್ಜನ ಹೆಸರು, ಮೂರು ಎಕರೆ ಹನ್ನೆರಡು ಗುಂಟೆ, ಎಲ್ಲಾ ಸರಿಯಾಗಿ ಬಂತು. ನಾನು ಹುಟ್ಟಿ ಬೆಳೆದ ಊರಿನ ಪಕ್ಕದಲ್ಲೇ ಇನ್ನೊಂದು ಊರು ಇತ್ತಂತೆ. ನಾನು ಅಲ್ಲೇ ಕಡಲೆಕಾಯಿ ಕಿತ್ತಿದ್ದೆ, ಅಲ್ಲೇ ಹುಣಸೆಕಾಯಿಗೆ ಕಲ್ಲು ಹೊಡೆದಿದ್ದೆ. ನಲವತ್ತು ವರ್ಷ ದಾಟಿದರೂ ಆ ಊರಿನ ಹೆಸರೇ ಕೇಳಿರಲಿಲ್ಲ. ನಮ್ಮವರೆಲ್ಲ ಅದನ್ನು ಹಾಳೂರು ಅಂತಾರೆ, ಅಷ್ಟೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ದೀಪ ಇಲ್ಲದ್ದು

ಬೇಚರಾಕ್ ಅನ್ನುವ ಮಾತು ಕಂದಾಯ ಇಲಾಖೆಯವರ ಬಾಯಲ್ಲಿ ದಿನಾ ಓಡಾಡುತ್ತದೆ. ಅರ್ಥ ಕೇಳಿದರೆ "ಜನ ಇಲ್ಲದ ಗ್ರಾಮ" ಅಂತಾರೆ. ಅದು ಪಾರ್ಸಿಯಿಂದ ಬಂದ ಪದ. ಚಿರಾಗ್ ಅಂದರೆ ದೀಪ. ಬೇ ಅಂದರೆ ಇಲ್ಲದ. ಸಂಜೆ ಹೊತ್ತು ದೀಪ ಹಚ್ಚುವವರು ಇಲ್ಲದ ಊರು. ಹಳೇ ಕಾಲದ ಯಾವನೋ ಲೆಕ್ಕದ ಗುಮಾಸ್ತ ದಿಣ್ಣೆ ಮೇಲೆ ನಿಂತು, ಯಾವ ಯಾವ ಊರಲ್ಲಿ ಬೆಳಕು ಕಾಣುತ್ತೆ ಅಂತ ನೋಡಿ ಬರೆದುಕೊಂಡನೇನೋ ಅನಿಸುತ್ತದೆ. ಇದು ನನ್ನ ಕಲ್ಪನೆ, ನಂಬಬೇಡಿ. ಆದರೆ ಇಷ್ಟು ಚೆಂದದ ಸರ್ಕಾರಿ ಪದ ಇನ್ನೊಂದನ್ನು ನಾನು ಕೇಳಿಲ್ಲ.

ಇವು ಎಲ್ಲೋ ಒಂದೆರಡು ಇರಬಹುದು ಅಂದುಕೊಂಡಿದ್ದೆ. 2011ರ ಜನಗಣತಿಯ ಲೆಕ್ಕ ತೆಗೆದು ನೋಡಿದೆ. ಕರ್ನಾಟಕದಲ್ಲಿ ಒಟ್ಟು 29,340 ಗ್ರಾಮಗಳು. ಅದರಲ್ಲಿ ಜನ ವಾಸ ಇರುವುದು 27,397ರಲ್ಲಿ. ಉಳಿದ 1,943 ಗ್ರಾಮಗಳಲ್ಲಿ ಒಬ್ಬರೂ ಇಲ್ಲ. ಅಂದರೆ ಹೆಚ್ಚುಕಮ್ಮಿ ಹದಿನೈದು ಊರಿಗೆ ಒಂದು ಹಾಳೂರು. ಅವಕ್ಕೆಲ್ಲ ಹೆಸರಿದೆ, ನಕ್ಷೆ ಇದೆ, ಗಡಿ ಇದೆ, ಒಂದರಿಂದ ಶುರುವಾಗುವ ಸರ್ವೆ ನಂಬರ್‌ಗಳಿವೆ. ಬಿತ್ತುವವರು, ಬೆಳೆಯುವವರು, ಸಾಲ ತೆಗೆಯುವವರು, ಕೋರ್ಟಿಗೆ ಹೋಗುವವರು ಎಲ್ಲಾ ಇದ್ದಾರೆ. ಎಲ್ಲರೂ ಪಕ್ಕದ ಊರಿನವರು.

ಇದು ತಲೆಗೆ ಹೊಕ್ಕ ಮೇಲೆ ಒಂದು ವಿಷಯ ಕೊರೆಯೋಕೆ ಶುರುವಾಯಿತು. ಊರು ಅಂದರೆ ಏನು? ನಮ್ಮ ಬಾಯಲ್ಲಿ ಊರು ಅಂದರೆ ಜನ. "ಊರೆಲ್ಲಾ ಸೇರಿತ್ತು" ಅಂತೀವಿ, "ಊರು ಮಾತಾಡ್ಕೊಳ್ತಿದೆ" ಅಂತೀವಿ. ಕಂದಾಯದವರ ಪುಸ್ತಕದಲ್ಲಿ ಊರು ಅಂದರೆ ನೆಲ. ಸುತ್ತ ಗಡಿ ಕಲ್ಲು, ನಡುವೆ ಹೊಲ, ದನ ಮೇಯುವ ಗೋಮಾಳ, ಕೆರೆ, ಬೇಸಾಯಕ್ಕೆ ಬಾರದ ಕರಾಬು. ಒಳಗೆ ಜನ ಇದ್ದರೆ ಸರಿ, ಇಲ್ಲದಿದ್ದರೂ ಅವರಿಗೇನೂ ತೊಂದರೆ ಇಲ್ಲ. ಈ ಎರಡು ಊರುಗಳು ಒಂದೇ ಜಾಗದಲ್ಲಿವೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ.

ನಕ್ಷೆ ಹಾಸಿದಾಗ

ಗ್ರಾಮ ಲೆಕ್ಕಿಗರು ಒಳ್ಳೆಯವರು. (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ. ದೊಡ್ಡಪ್ಪನ ಬಾಯಲ್ಲಿ ಇವತ್ತಿಗೂ ಅವರು ಶಾನುಭೋಗರೇ. ಶಾನುಭೋಗಿಕೆ, ಪಟೇಲಿಕೆ ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ದೊಡ್ಡಪ್ಪನಿಗೆ ಸುದ್ದಿ ಇನ್ನೂ ತಲುಪಿಲ್ಲ.) ನನ್ನ ಕುತೂಹಲ ನೋಡಿ ಅವರು ಬೀರುವಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದರು. ಮಡಿಕೆ ಬಿದ್ದ ಕಡೆಯೆಲ್ಲ ಹಿಂದಿನಿಂದ ಬಟ್ಟೆ ಅಂಟಿಸಿತ್ತು. ನಾಲ್ಕು ಮೂಲೆಗೆ ಸ್ಟೇಪ್ಲರು, ಸ್ಟಾಂಪ್ ಪ್ಯಾಡು, ನನ್ನ ಮೊಬೈಲು, ದೊಡ್ಡಪ್ಪನ ಎಲೆ ಅಡಿಕೆ ಚೀಲ ಇಟ್ಟೆವು.

ನಾನು ಅದುವರೆಗೆ ನಮ್ಮ ಹೋಬಳಿಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ಬಸ್ಸಿನಿಂದ ನೋಡಿದರೆ ಅದು ಒಂದು ರಸ್ತೆ, ರಸ್ತೆಗೆ ಪೋಣಿಸಿದ ಊರುಗಳು. ನಕ್ಷೆಯಲ್ಲಿ ರಸ್ತೆ ಲೆಕ್ಕಕ್ಕೇ ಇಲ್ಲ. ಅಲ್ಲಿ ಹಳ್ಳ, ಕೆರೆ, ಗುಡ್ಡಗಳದ್ದೇ ರಾಜ್ಯ. ಒಂದು ಊರಿನ ಗಡಿ ಹಳ್ಳದ ನಡುವೆ ಹೋಗುತ್ತದೆ. ಇನ್ನೊಂದರ ಗಡಿ ಗುಡ್ಡದ ನೆತ್ತಿ ಮೇಲೆ ಹತ್ತಿ ಇಳಿಯುತ್ತದೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೊಂದಕ್ಕೆ, ಹಾಗೇ ಇಳಿದು ಕೊನೆಗೆ ಜಯಮಂಗಲಿಗೆ. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಕಡೆ ಬರುವ ನದಿ ಅದು. ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಬೆಟ್ಟದ ಮೇಲೆ ಮಳೆ ಬಿದ್ದಾಗ ಹನಿ ಸ್ವಲ್ಪ ಆಚೆ ಬಿದ್ದಿದ್ದರೆ ಮಂಡ್ಯದ ಗದ್ದೆಗೆ ಹೋಗುತ್ತಿತ್ತು. ಈಚೆ ಬಿತ್ತು, ನಮ್ಮ ಪಾಲಿಗೆ ಬಂತು. ನದಿ ಅಂತ ಹೆಸರಿಗೆ ಹೇಳಿದೆ. ವರ್ಷದಲ್ಲಿ ಬಹುಪಾಲು ಅದು ಮರಳು.

ಲೆಕ್ಕಿಗರು ಪೆನ್ಸಿಲ್ ಹಿಂಬದಿಯಿಂದ ಗ್ರಾಮಠಾಣಾ ತೋರಿಸಿದರು. ಗ್ರಾಮಠಾಣಾ ಅಂದರೆ ಮನೆಗಳಿಗೆ ಅಂತ ಬಿಟ್ಟ ಜಾಗ. ಇಡೀ ಗ್ರಾಮದ ನಕ್ಷೆ ಒಂದು ರೊಟ್ಟಿಯಷ್ಟಿದ್ದರೆ ಅದು ಒಂದು ಎಳ್ಳಿನಷ್ಟು. ನಮ್ಮ ಕಡೆ ಯಾವ ಊರು ನೋಡಿದರೂ ಆ ಎಳ್ಳು ಇರುವುದು ಒಂದೇ ಥರದ ಕಡೆ. ಕೆರೆಗೆ ಹತ್ತಿರ, ಆದರೆ ಕೆರೆ ನೀರು ಹಾಯುವ ಅಚ್ಚುಕಟ್ಟಿಗಿಂತ ಮೇಲೆ. ಕಲ್ಲು ನೆಲ, ಏನೂ ಬೆಳೆಯದ ಜಾಗ. ಒಳ್ಳೆ ಮಣ್ಣನ್ನು ಮನೆ ಕಟ್ಟಿ ಹಾಳು ಮಾಡುವಷ್ಟು ಬುದ್ಧಿಗೇಡಿಗಳಾಗಿರಲಿಲ್ಲ ಹಿಂದಿನವರು. ಈಗ ನೋಡಿ, ಹೋಬಳಿ ಊರಿನ ಹೊಸ ಲೇಔಟುಗಳೆಲ್ಲ ಕೆರೆ ಕೆಳಗಿನ ಗದ್ದೆಯಲ್ಲೇ ಎದ್ದಿವೆ. ಜೋರು ಮಳೆ ಬಂದರೆ ಅಡುಗೆ ಮನೆಯಲ್ಲಿ ಕಪ್ಪೆ.

ಹಾಳೂರಿನ ನಕ್ಷೆಯಲ್ಲೂ ಆ ಎಳ್ಳು ಇತ್ತು. ಎರಡು ಎಕರೆ ಚಿಲ್ಲರೆ ಗ್ರಾಮಠಾಣಾ. ಇವತ್ತಿಗೂ ಹಾಗೇ ಇದೆ, ಕಾಗದದಲ್ಲಿ. ಒಂದು ಕೆರೆ, ಗುಡಿ ಅಂತ ಗುರುತು ಹಾಕಿದ ಒಂದು ಚುಕ್ಕೆ. ಪಕ್ಕದಲ್ಲಿ ಎಕರೆ, ಗುಂಟೆ, ಆಣೆ ಲೆಕ್ಕ. ಆಣೆ ಅಂತ ಇನ್ನೂ ಬರೆಯುತ್ತಾರಾ ಅಂತ ಕೇಳಿದೆ. "ಹೂಂ ಸಾರ್, ಗುಂಟೆಗೆ ಹದಿನಾರಾಣೆ" ಅಂದರು. ರೂಪಾಯಿಯಿಂದ ಆಣೆ ಹೋಗಿ ಅಷ್ಟು ವರ್ಷವಾಯಿತು, ನೆಲದಿಂದ ಹೋಗಿಲ್ಲ. ಮೂವತ್ತಮೂರು ಅಡಿ ಸರಪಳಿಯನ್ನು ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ ಎಳೆದರೆ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ಯಾರೋ ಬಿಸಿಲಲ್ಲಿ ಆ ಸರಪಳಿ ಎಳೆದುಕೊಂಡು ಹಾಳೂರನ್ನೂ ಪೂರ್ತಿ ಅಳೆದಿದ್ದಾರೆ. ಆಗಲೇ ಅದು ಹಾಳಾಗಿತ್ತೋ, ಆಮೇಲೆ ಆಯಿತೋ, ನಕ್ಷೆ ಹೇಳುವುದಿಲ್ಲ.

ಹುಣಸೆ ಮರದ ಕೆಳಗೆ

ಮಾರನೇ ದಿನ ಬೆಳಿಗ್ಗೆ ದೊಡ್ಡಪ್ಪನ ಜೊತೆ ಅಲ್ಲಿಗೆ ಹೋದೆ. ಹೊಸ ಜಾಗ ಏನಲ್ಲ, ನಮ್ಮ ಹೊಲದಿಂದ ಮೂರು ಬದು ಆಚೆ. ಆದರೆ ಈ ಸಲ ಊರು ಅಂತ ಗೊತ್ತಿಟ್ಟುಕೊಂಡು ನೋಡಿದೆ. ಮೊದಲು ಕಂಡದ್ದು ಹುಣಸೆ ಮರಗಳು. ಹೊಲದ ನಡುವೆ ಹೀಗೆ ಒಂದೇ ಕಡೆ ಏಳೆಂಟು ಮುದಿ ಹುಣಸೆ ಯಾಕಿವೆ ಅಂತ ಚಿಕ್ಕವನಾಗಿದ್ದಾಗ ನನಗೆ ಅನಿಸಿರಲೇ ಇಲ್ಲ. ಆಮೇಲೆ ನೆಲ ಬೂದು ಬಣ್ಣ. ಸುತ್ತಲಿನ ಕೆಂಪು ಮಣ್ಣಿನ ನಡುವೆ ಅದೊಂದು ತೇಪೆ. ಎಷ್ಟೋ ಕಾಲದ ಒಲೆ ಬೂದಿ, ಕೊಟ್ಟಿಗೆ ಕಸ ಎಲ್ಲಾ ಸೇರಿ ಆದ ಮಣ್ಣು. ನಮ್ಮವರು ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಅದನ್ನು ತುಂಬಿ ತಂದು ಹೊಲಕ್ಕೆ ಚೆಲ್ಲುತ್ತಿದ್ದರು. ಗೊಬ್ಬರಕ್ಕಿಂತ ಜೋರು ಅಂತ. ಅಂದರೆ ನಾವು ವರ್ಷ ವರ್ಷ ಆ ಊರನ್ನು ಬುಟ್ಟಿಯಲ್ಲಿ ತುಂಬಿ ತಂದು ರಾಗಿ ಬೆಳೆದಿದ್ದೇವೆ.

ಕಾಲಲ್ಲಿ ಕೆದಕಿದರೆ ಮಡಕೆ ಚೂರು. ಕರಿ ಚೂರು, ಕೆಂಪು ಚೂರು. ಒಂದು ಬಂಡೆಯಲ್ಲಿ ಒರಳು ಗುಂಡಿ ಇತ್ತು. ಕೈ ಹಾಕಿ ಸವರಿ ನೋಡಿದೆ, ಒಳಗೆ ಹಾಲಿನ ಕೆನೆ ಥರ ನುಣುಪು. ಅಷ್ಟು ನುಣುಪಾಗಬೇಕಾದರೆ ಎಷ್ಟು ಜನ ಹೆಂಗಸರು ಎಷ್ಟು ವರ್ಷ ಅಲ್ಲಿ ಕೂತು ಕುಟ್ಟಿರಬೇಕು! ಈಗ ಅದರಲ್ಲಿ ಮಳೆ ನೀರು, ಎರಡು ಹುಣಸೆ ಎಲೆ, ಒಂದು ಸತ್ತ ಜೀರುಂಡೆ. ನಿಧಿ ಆಸೆಗೆ ಯಾರೋ ಅಗೆದ ಗುಂಡಿಯೂ ಒಂದಿತ್ತು. ಹಾಳೂರು ಅಂದರೆ ಈ ಜನಕ್ಕೆ ಚಿನ್ನದ ಕೊಪ್ಪರಿಗೆ ನೆನಪಾಗುತ್ತದೆ. ಒಣ ರಾಗಿ ತಿಂದುಕೊಂಡಿದ್ದ ಊರಲ್ಲಿ ಕೊಪ್ಪರಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಿಕೊಳ್ಳುವುದಿಲ್ಲ.

ಗುಡಿ ಮಾತ್ರ ನಿಂತಿದೆ. ಹನುಮಂತರಾಯ. ಶನಿವಾರ ಶನಿವಾರ ನಮ್ಮೂರಿನ ಪೂಜಾರಪ್ಪ ಸೈಕಲ್ಲಿನಲ್ಲಿ ಹೋಗಿ ದೀಪ ಹಚ್ಚಿ ಬರುತ್ತಾರೆ. ವರ್ಷಕ್ಕೊಂದು ಸಲ ಸುತ್ತಲಿನ ನಾಲ್ಕೂರಿನವರು ಸೇರಿ ಅನ್ನ ಸಂತರ್ಪಣೆ ಮಾಡುತ್ತಾರೆ. ಜನ ಹೋದರೂ ದೇವರು ಹೋಗಿಲ್ಲ. "ಹಾಳೂರಿಗೆ ಉಳಿದೋನೇ ಗೌಡ" ಅಂತ ಗಾದೆ ಇದೆಯಲ್ಲ, ಇಲ್ಲಿ ಉಳಿದ ಗೌಡ ಹನುಮಂತರಾಯ.

ಊರು ಯಾಕೆ ಹಾಳಾಯಿತು ಅಂತ ದೊಡ್ಡಪ್ಪನನ್ನು ಕೇಳಿದೆ. "ಕೆರೆ ಒಡೆದೋಯ್ತಂತೆ" ಅಂದರು. ಅಜ್ಜಿ ಬದುಕಿದ್ದಾಗ ಪ್ಲೇಗು ಅನ್ನುತ್ತಿದ್ದರು ಅಂತ ಅಮ್ಮ ಆಮೇಲೆ ಹೇಳಿದರು. ಪೂಜಾರಪ್ಪ ಮೂರನೇ ಕಥೆ ಹೇಳಿದರು. ಯಾವುದೋ ಹೆಂಗಸಿನ ಶಾಪ, ಕಣ್ಣೀರು, ರಾತ್ರೋರಾತ್ರಿ ಊರು ಖಾಲಿ. ಶಾಪದ ಕಥೆ ಎಲ್ಲಾ ಹಾಳೂರಿಗೂ ಇರುತ್ತದೆ, ಅದನ್ನು ಬಿಡೋಣ. ಪ್ಲೇಗು ಆಗಿರಬಹುದು. 1898ರಲ್ಲಿ ಅದು ಮೈಸೂರು ಸೀಮೆಗೆ ಕಾಲಿಟ್ಟ ಮೇಲೆ ಇಲಿ ಬಿದ್ದರೆ ಸಾಕು, ಜನ ಮನೆ ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಳ್ಳುತ್ತಿದ್ದರು. ಒಂದಷ್ಟು ಜನ ವಾಪಸ್ಸು ಬರುತ್ತಿದ್ದರು, ಒಂದಷ್ಟು ಜನ ಗುಡ್ಲು ಹಾಕಿದ ಕಡೆಯೇ ಗೋಡೆ ಎಬ್ಬಿಸಿ ಹೊಸೂರು ಮಾಡಿಕೊಳ್ಳುತ್ತಿದ್ದರು.

ಆದರೆ ನನಗೆ ಅನುಮಾನ ಅದಕ್ಕೂ ಹಿಂದಿನ ಬರದ ಮೇಲೆ. 1876ರಿಂದ 78ರವರೆಗಿನ ಧಾತು ಈಶ್ವರ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷದ ಆಸುಪಾಸು. ಹತ್ತು ವರ್ಷದಲ್ಲಿ ಎಂಟು ಲಕ್ಷಕ್ಕಿಂತ ಜಾಸ್ತಿ ಜನ ಕಡಿಮೆ. ಅಷ್ಟು ಜನ ಎಲ್ಲಾ ಊರುಗಳಿಂದ ಒಂದೇ ಸಮ ಕಳೆದುಹೋಗಿರುವುದಿಲ್ಲ. ದೊಡ್ಡ ಊರುಗಳು ತೆಳ್ಳಗಾಗಿರುತ್ತವೆ. ಇಪ್ಪತ್ತು ಮನೆಯ ಊರಲ್ಲಿ ಎಂಟು ಮನೆ ಖಾಲಿಯಾದರೆ ಉಳಿದ ಹನ್ನೆರಡು ಮನೆಯವರಿಗೆ ಅಲ್ಲಿರಲು ಧೈರ್ಯ ಬರುವುದಿಲ್ಲ. ಅಗಸರು ಇರುವುದಿಲ್ಲ, ಕಮ್ಮಾರರು ಇರುವುದಿಲ್ಲ, ಕೆರೆ ಹೂಳೆತ್ತೋಕೆ ಆಳು ಸಾಕಾಗುವುದಿಲ್ಲ. ಏರಿ ಸೀಳು ಬಿಟ್ಟಾಗ ಹತ್ತು ಬುಟ್ಟಿ ಮಣ್ಣು ಹಾಕುವವರೂ ಇಲ್ಲದಿದ್ದರೆ ಮುಂದಿನ ಜೋರು ಮಳೆಗೆ ಕೆರೆ ಒಡೆಯುತ್ತದೆ. ಹಾಗೆ ನೋಡಿದರೆ ದೊಡ್ಡಪ್ಪನ ಮಾತೂ ನಿಜವೇ.

ಚೀಟಿಯ ಕಟ್ಟು

ಇದಕ್ಕೆ ಉಲ್ಟಾ ಇರುವ ಊರು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಆಗ ಅದು ಉಲ್ಟಾ ಅಂತ ಗೊತ್ತಿರಲಿಲ್ಲ.

ಅಮ್ಮ ಪ್ರೈಮರಿ ಸ್ಕೂಲ್ ಮೇಡಂ. 1991ರ ಜನಗಣತಿಗೆ ಅವರಿಗೆ ಡ್ಯೂಟಿ ಬಿತ್ತು. ಫೆಬ್ರವರಿ ತಿಂಗಳು, ಒಬ್ಬರೇ ಹೊಲದ ದಾರಿಯಲ್ಲಿ ಹೋಗಬೇಕು ಅಂತ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ನನಗೆ ಹತ್ತು ವರ್ಷ. ಚೀಟಿಯ ಕಟ್ಟು ಹೊರುವುದು ನನ್ನ ಕೆಲಸ. ಆಗ ಮನೆಗೊಂದು ಫಾರಂ ಅಲ್ಲದೆ ತಲೆಗೊಂದು ಚೀಟಿ ತುಂಬಬೇಕಿತ್ತು. ನಮ್ಮೂರು ಎರಡು ಮೂರು ದಿನದಲ್ಲಿ ಮುಗಿಯಿತು. ಆಮೇಲೆ ಗೊಲ್ಲರಹಟ್ಟಿ, ಕುರಿ ಮೇಯಿಸುವ ಗೊಲ್ಲರು ಇರುವ ಜಾಗ.

ಹಟ್ಟಿ ಊರಿಂದ ಎರಡು ಮೈಲಿ. ಸುತ್ತಲೂ ಜಾಲಿ ಮುಳ್ಳಿನ ಬೇಲಿ, ಒಳಗೆ ಗುಡಿಸಲು, ನಡುವೆ ಅವರ ದೇವರು ಜುಂಜಪ್ಪನ ಗುಡಿ, ಎಲ್ಲೆಲ್ಲೂ ಕುರಿ ಹಿಕ್ಕೆ ವಾಸನೆ. ನಲವತ್ತರ ಮೇಲೆ ಮನೆ. ಹಾಳೂರಿನ ಎರಡು ಎಕರೆಗಿಂತ ದೊಡ್ಡ ಊರೇ ಅದು. ಅಮ್ಮ ಫಾರಂ ತೆಗೆದು ಮೊದಲ ಸಾಲಿನಲ್ಲಿ ಗ್ರಾಮದ ಹೆಸರು ಅಂತ ಇದ್ದಲ್ಲಿ ನಮ್ಮೂರಿನ ಹೆಸರು ಬರೆದರು. "ಇದು ಹಟ್ಟಿ ಅಲ್ವಾ ಅಮ್ಮಾ, ನಮ್ಮೂರು ಯಾಕೆ ಬರೀತೀಯ?" ಅಂತ ಕೇಳಿದೆ. "ಹಟ್ಟಿಗೆ ಹೆಸ್ರಿಲ್ಲ ಕಣೋ" ಅಂದರು. ಪಕ್ಕದಲ್ಲಿ ನಿಂತಿದ್ದ ಯಜಮಾನಪ್ಪ ಇದನ್ನು ಕೇಳಿಸಿಕೊಂಡು ನಕ್ಕರು. ಹೆಸರು ಇತ್ತು. ದಾಖಲೆಯಲ್ಲಿ ಇರಲಿಲ್ಲ.

ಕಾರಣ ಈಗ ಗೊತ್ತು. ಕುರಿ ಮೇಯಿಸುವವರಿಗೆ ಬಯಲು ಬೇಕು. ಬಯಲು ಅಂದರೆ ಗೋಮಾಳ. ಗೋಮಾಳ ಸರ್ಕಾರದ್ದು. ಅಲ್ಲಿ ಗುಡಿಸಲು ಕಟ್ಟಿಕೊಂಡು ನಾಲ್ಕು ತಲೆಮಾರು ಬದುಕಿದರೂ ಕಾಗದದಲ್ಲಿ ಅದು ಹುಲ್ಲುಗಾವಲೇ. ನಿವೇಶನಕ್ಕೆ ಹಕ್ಕುಪತ್ರ ಇಲ್ಲ, ಹಕ್ಕುಪತ್ರ ಇಲ್ಲದೆ ಸಾಲ ಇಲ್ಲ, ಮನೆ ಮಂಜೂರು ಇಲ್ಲ. ಹಾಳೂರಿಗೆ ಗ್ರಾಮಠಾಣಾ ಇತ್ತು, ದೀಪ ಇರಲಿಲ್ಲ. ಹಟ್ಟಿಯಲ್ಲಿ ನಲವತ್ತು ದೀಪ, ಗ್ರಾಮಠಾಣಾ ಇಲ್ಲ. ನಡುವೆ ಬರೀ ಒಂದೂವರೆ ಕಿಲೋಮೀಟರ್.

ಒಂದು ಮನೆಯಲ್ಲಿ ತಲೆ ಲೆಕ್ಕ ಹೇಳುವಾಗ ಅತ್ತೆ "ಸೊಸೆ ಆಚೆ ಅವ್ಳೆ" ಅಂದಳು. ಆಚೆ ಅಂದರೆ ಬೇಲಿಯ ಆಚೆ. ಅವಳಿಗೆ ಆಗಲೇ ದಿನ ತುಂಬಿತ್ತು. ಹೆರಿಗೆ ಹತ್ತಿರ ಬಂದರೆ ಅಲ್ಲಿಯ ಪದ್ಧತಿಯಲ್ಲಿ ಹಟ್ಟಿಯೊಳಗೆ ಇರುವಂತಿಲ್ಲ. ಅಮ್ಮ ಏನೂ ಮಾತಾಡದೆ ಎದ್ದು ಬೇಲಿ ದಾಟಿ ಹೋದರು. ನಾನು ಹಿಂದೆ. ಒಂದು ಬೇವಿನ ಮರದ ಕೆಳಗೆ ಸೊಂಟದೆತ್ತರದ ಗುಡ್ಲು. ಬಗ್ಗಿ ಒಳಗೆ ಹೋಗಬೇಕು. ಹುಡುಗಿ ಹದಿನೆಂಟು ಹತ್ತೊಂಬತ್ತರವಳು, ಗೋಣಿ ಚೀಲದ ಮೇಲೆ ಕೂತಿದ್ದಳು. ಅಮ್ಮ ಅಲ್ಲೇ ಕೂತು ಚೀಟಿ ತುಂಬಿದರು. ಕೊನೆಗೆ ಎದ್ದಾಗ ತಮ್ಮ ಕ್ಯಾರಿಯರಿನಲ್ಲಿದ್ದ ಮೊಸರನ್ನ ಪೂರ್ತಿ ಅವಳಿಗೆ ಕೊಟ್ಟುಬಿಟ್ಟರು. ನನ್ನ ಪಾಲೂ ಅದರಲ್ಲಿತ್ತು.

ಆ ಸಲದ ಗಣತಿಯ ಲೆಕ್ಕ ಮಾರ್ಚ್ 1ರ ಸೂರ್ಯೋದಯಕ್ಕೆ. ಆ ಗಳಿಗೆಯಲ್ಲಿ ಬದುಕಿದ್ದವರು ಲೆಕ್ಕಕ್ಕೆ ಸೇರುತ್ತಾರೆ. ಮಾರ್ಚ್ 1ರಿಂದ 5ರೊಳಗೆ ಎಲ್ಲಾ ಮನೆಗೂ ಇನ್ನೊಂದು ಸಲ ಹೋಗಿ, ಅಷ್ಟರಲ್ಲಿ ಯಾರಾದರೂ ಹುಟ್ಟಿದರಾ ಸತ್ತರಾ ಅಂತ ಕೇಳಿ ತಿದ್ದಿಕೊಳ್ಳಬೇಕು. ಎರಡನೇ ಸಲ ಹೋದಾಗ ಆ ಹುಡುಗಿಗೆ ಮಗು ಆಗಿತ್ತು. ಯಾವತ್ತು ಅಂದರೆ, ಸರಿಯಾಗಿ ಮಾರ್ಚ್ 1ರ ಬೆಳಗಿನ ಜಾವ. ಅಮ್ಮ ಪೇಚಿಗೆ ಸಿಕ್ಕಿಕೊಂಡರು. "ಹೊತ್ತು ಹುಟ್ಟೋಕೆ ಮುಂಚೇನಾ, ಆಮೇಲಾ?" ಅಂತ ಕೇಳಿದರು. ಅತ್ತೆಗೆ ಪ್ರಶ್ನೆ ವಿಚಿತ್ರ ಅನಿಸಿರಬೇಕು. ಆಕಾಶದ ಕಡೆ ಕೈ ತೋರಿಸಿ ಹೇಳಿದಳು: "ಚುಕ್ಕಿ ಇನ್ನಾ ಇದ್ವು ಕಣವ್ವಾ."

ಅಮ್ಮ ಹೊಸ ಚೀಟಿ ತೆಗೆದರು. ಹೆಸರು ಇಟ್ಟಿರಲಿಲ್ಲ. ವಯಸ್ಸು ಸೊನ್ನೆ. ದೇಶದ 84 ಕೋಟಿ ಚಿಲ್ಲರೆ ಜನರಲ್ಲಿ ಅದೂ ಒಂದಾಯಿತು. ಗ್ರಾಮ ಅಂತ ಇದ್ದ ಕಡೆ ಮತ್ತೆ ನಮ್ಮೂರಿನ ಹೆಸರು.

ಎಣಿಕೆಯಿಂದ ಏನಾಗುತ್ತದೆ

ಸಂಖ್ಯೆ ಅಂದರೆ ಸುಮ್ನೆ ಸಂಖ್ಯೆ ಅಂತ ಪೇಟೆಯಲ್ಲಿ ಇರುವವರಿಗೆ ಅನಿಸಬಹುದು. ಹೋಬಳಿಯಲ್ಲಿ ಅದು ಹಾಗಲ್ಲ. ಪಂಚಾಯಿತಿಗೆ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಬಯಲು ಸೀಮೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕಾದರೆ 30,000 ಜನ ಅನ್ನುವ ಅಳತೆ. ಪಟ್ಟಣ ಪಂಚಾಯಿತಿ ಆಗಬೇಕಾದರೆ 10,000 ಜನ ಇರಬೇಕು, ಅದೂ ಅಲ್ಲದೆ ಅರ್ಧಕ್ಕರ್ಧ ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ನಮ್ಮ ಹೋಬಳಿ ಊರಿನವರಿಗೆ ಬಹಳ ದಿನದಿಂದ ಪಟ್ಟಣ ಆಗುವ ಆಸೆ. ಹೋಟೆಲಿನಲ್ಲಿ ಕೂತರೆ ಅದೇ ಮಾತು. ಆದರೆ ಪಟ್ಟಣ ಆದರೆ ಉದ್ಯೋಗ ಖಾತ್ರಿ ಕೂಲಿ ಹೋಗುತ್ತದೆ, ಮನೆ ಕಂದಾಯ ಏರುತ್ತದೆ ಅಂತ ಯಾರಾದರೂ ನೆನಪಿಸಿದರೆ ಅರ್ಧ ಜನ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ.

ಹಟ್ಟಿಯವರಿಗೂ ಲಂಬಾಣಿ ತಾಂಡಾದವರಿಗೂ ಕೊನೆಗೆ ಕಾಗದ ಸಿಕ್ಕಿದ್ದು ತೀರಾ ಈಚೆಗೆ. 1974ರಲ್ಲಿ "ಉಳುವವನೇ ಹೊಲದೊಡೆಯ" ಅಂದ ರಾಜ್ಯ, "ವಾಸಿಸುವವನೇ ಮನೆಯೊಡೆಯ" ಅನ್ನೋಕೆ ಇನ್ನೂ ನಲವತ್ತಕ್ಕೂ ಹೆಚ್ಚು ವರ್ಷ ತಗೊಂಡಿತು. ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಆಮೇಲೆ ಶುರುವಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಬಂದು 50,000ಕ್ಕೂ ಹೆಚ್ಚು ಹಕ್ಕುಪತ್ರ ಕೊಟ್ಟದ್ದು ನಿಮಗೂ ನೆನಪಿರಬಹುದು. ನಮ್ಮ ಹಟ್ಟಿಯೂ ಈಗ ಗ್ರಾಮ. ಬೇಲಿ ಹೋಗಿದೆ, ಗುಡಿಸಲು ಹೋಗಿ ಶೀಟಿನ ಮನೆಗಳು ಬಂದಿವೆ. ರಸ್ತೆ ಬದಿಯಲ್ಲಿ ಹಳದಿ ಬೋರ್ಡು, ಅದರ ಮೇಲೆ ಆ ಯಜಮಾನಪ್ಪ ಆವತ್ತು ಹೇಳದೆ ನಕ್ಕ ಹೆಸರು.

ನಮ್ಮೂರಿನ ಕಥೆ ಮಾತ್ರ ಬೇರೆ ದಿಕ್ಕಿಗೆ ಹೊರಟಿದೆ. ತುಮಕೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 25.85 ಲಕ್ಷ, 2011ರಲ್ಲಿ 26.79 ಲಕ್ಷ. ಹತ್ತು ವರ್ಷಕ್ಕೆ ಒಂದು ಲಕ್ಷವೂ ಏರಿಲ್ಲ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಅಲ್ಲಿ ಏರಿದ 31 ಲಕ್ಷದಲ್ಲಿ ನಾನೂ ಒಬ್ಬ. ನನ್ನ ತಮ್ಮ ಒಬ್ಬ. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ. ಆವತ್ತು ಸಂಜೆ ಸುಮ್ನೆ ನಡೆದುಕೊಂಡು ಎಣಿಸಿದೆ, ಒಂಬತ್ತಕ್ಕೆ ಬೀಗ. ತೆರೆದಿದ್ದ ಐದರಲ್ಲಿ ಮೂರರಲ್ಲಿ ಒಂಟಿ ಮುದುಕಿಯರು. ಆದರೆ ಬೀದಿ ದೀಪ ಮಾತ್ರ ಹದಿನಾಲ್ಕು ಮನೆಗೂ ಸಮನಾಗಿ ಉರಿಯುತ್ತಿತ್ತು. ಈಗ ಆ ಹಳೇ ಗುಮಾಸ್ತ ದಿಣ್ಣೆ ಮೇಲೆ ನಿಂತು ನೋಡಿದರೆ ಮೋಸ ಹೋಗುತ್ತಾನೆ.

ಯುಗಾದಿಗೆ, ಜಾತ್ರೆಗೆ, ಪಂಚಾಯಿತಿ ಎಲೆಕ್ಷನ್ನಿಗೆ ನೀವು ಬಂದು ನೋಡಬೇಕು. ಬೀಗಗಳೆಲ್ಲ ತೆರೆದಿರುತ್ತವೆ, ಗುಡಿ ಮುಂದೆ ಕಾರು ನಿಲ್ಲಿಸೋಕೆ ಜಾಗ ಇರುವುದಿಲ್ಲ. ಗಣತಿಯವರು ಬರುವುದು ಮಾತ್ರ ಯಾರೂ ಎಲ್ಲೂ ಓಡಾಡದ ಫೆಬ್ರವರಿಯಲ್ಲಿ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನ ಅಂತ ಗೊತ್ತು ಮಾಡಿದ್ದಾರೆ. ಈ ಸಲ ನಮ್ಮ ಮಾಹಿತಿಯನ್ನು ನಾವೇ ಮೊಬೈಲಲ್ಲಿ ತುಂಬಬಹುದಂತೆ. ತಮ್ಮ ಫೋನಿನಲ್ಲಿ ಕೇಳಿದ: "ನಮ್ಮನ್ನೆಲ್ಲಾ ಊರಲ್ಲೇ ಬರೆಸಿಬಿಡೋಣ್ವಾ? ಪಾಪ, ಊರಿಗೆ ನಾಲ್ಕು ತಲೆ ಜಾಸ್ತಿ ಆಗುತ್ತೆ." ಹಾಗೆ ಮಾಡೋಕೆ ಬರಲ್ಲ, ಎಲ್ಲಿ ವಾಸವೋ ಅಲ್ಲೇ ಬರೆಸಬೇಕು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕ್ರಿಕೆಟ್ ಮಾತು ತೆಗೆದ.

ನೋಟಿಸು

ಖಾತೆ ಬದಲಾಗುವ ಮೊದಲು ಒಂದು ನೋಟಿಸು ಅಂಟಿಸಬೇಕು. ಇಂಥ ಜಮೀನು ಇಂಥವರ ಹೆಸರಿಗೆ ಹೋಗುತ್ತಿದೆ, ತಕರಾರು ಇರುವ ಗ್ರಾಮಸ್ಥರು ಗಡುವಿನೊಳಗೆ ಹೇಳಿ ಅಂತ. ಅದನ್ನು ಗ್ರಾಮದಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು ಅಂತ ನಿಯಮ. ಗ್ರಾಮ ಅಂದರೆ ನಮ್ಮೂರಲ್ಲ, ಹಾಳೂರು. ಲೆಕ್ಕಿಗರು ತಲೆ ಕೆರೆದುಕೊಂಡು, ನಾಡಕಚೇರಿ ಬೋರ್ಡಿಗೆ ಒಂದು, ನಮ್ಮೂರ ಚಾವಡಿಗೆ ಒಂದು ಅಂಟಿಸಿದರು. "ನಿಯಮ ಅಂದ್ರೆ ನಿಯಮ ಸಾರ್" ಅಂತ ಮೂರನೆಯದನ್ನು ಬೈಕಿನಲ್ಲಿ ತಗೊಂಡು ಹೋಗಿ ಹನುಮಂತರಾಯನ ಗುಡಿ ಗೋಡೆಗೆ ಅಂಟಿಸಿ ಬಂದರು.

ಗಡುವು ಮುಗಿಯುವ ವಾರ ಊರಿಗೆ ಹೋಗಿದ್ದೆ. ಶನಿವಾರ ಪೂಜಾರಪ್ಪನ ಜೊತೆ ಗುಡಿಗೆ ಹೋದೆ. ಹಟ್ಟಿಯ ಮೇಕೆಗಳು ಹುಣಸೆ ಮರದ ಸುತ್ತ ಮೇಯುತ್ತಿದ್ದವು. ಗೋಡೆಯಲ್ಲಿ ನೋಟಿಸಿನ ಮೇಲರ್ಧ ಇತ್ತು. ಗ್ರಾಮದ ಹೆಸರು, ಹೋಬಳಿ, ತಾಲ್ಲೂಕು, ಅಪ್ಪನ ಹೆಸರು ಎಲ್ಲಾ ಓದಬಹುದಿತ್ತು. ಕೆಳಗಿನರ್ಧವನ್ನು, ಹಿಂಗಾಲ ಮೇಲೆ ನಿಂತು ಬಾಯಿಗೆ ಎಟುಕುವವರೆಗೂ, ಮೇಕೆ ತಿಂದುಹಾಕಿತ್ತು. ಬೇರೆ ತಕರಾರು ಯಾವುದೂ ಬರಲಿಲ್ಲ.